ನೆಲಕ್ಕೆ ಕರೆಂಟ್ ತಾಗುವುದಿಲ್ಲ

ಮಾರ್ಚ್ 18, 2025. ಸಂಜೆ 6.30

ಒಂಬತ್ತು ಕಂಪ್ಲೇಂಟ್. ಏಳು ಮುಗಿಯಿತು. ಕೊಯಿಲದ ಒಂದು ಮನೆಗೆ ಮೂರು ಸಲ ಹೋದದ್ದು. ಮೂರನೇ ಸಲ ನೋಡಿದರೆ ಮೇನ್ ಸ್ವಿಚ್ ಅವರೇ ಆಫ್ ಮಾಡಿಟ್ಟಿದ್ದಾರೆ. ಲೈನ್‌ಮ್ಯಾನ್‌ಗೆ ಸಿಟ್ಟು ಬರಬಾರದು ಅಂತ ಎಲ್ಲಾದರೂ ಬರೆದಿದೆಯಾ? ಬಂತು. ನುಂಗಿದೆ. ಅವರು ಕೊಟ್ಟ ಪುನರ್ಪುಳಿ ಶರಬತ್ತನ್ನೂ ಜೊತೆಗೆ ನುಂಗಿದೆ.

ಮಧ್ಯಾಹ್ನ ಬುತ್ತಿ ಮುಗಿಸಿ ಧರ್ಮಣ್ಣನ ಜೊತೆ ಎರಡು ಆಟ. ಎರಡೂ ಸೋತೆ. ಧರ್ಮಪಾಲಣ್ಣ ನನಗಿಂತ ಹತ್ತು ವರ್ಷ ದೊಡ್ಡವರು. ಹದಿಮೂರು ವರ್ಷದಿಂದ ನಾವಿಬ್ಬರೂ ಜೋಡಿ. ಕಂಬ ಹತ್ತಲು ಕಲಿಸಿದವರು ಅವರು, ಒಪ್ಪಿದೆ. ಮೊಬೈಲಿನಲ್ಲೂ ಅವರೇ ಗುರು ಆಗಬೇಕಾ? ಈ ಆಟವನ್ನು ಅವರಿಗೆ ಕಲಿಸಿದ್ದು ನಾನು. ನನಗೆ ಕಲಿಸಿದ್ದು ಏಳನೇ ಕ್ಲಾಸಿನ ಮಗಳು ಗಾನಶ್ರೀ.

ಕಾಡಿನಲ್ಲಿ ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಆರರ ತಂಡ ಕಟ್ಟಿ ಹೊಡೆದಾಡಿಸುವುದು. ಕೋಳಿ ಅಂಕದ ಹಾಗೆ, ರಕ್ತ ಇಲ್ಲ ಅಷ್ಟೆ. ಐವತ್ತು ದಾಟಿದ ಗಂಡಸು ಒಬ್ಬ, ನಲವತ್ತೊಂದರವ ಒಬ್ಬ. ಯಾರಾದರೂ ನೋಡಿದರೆ ಮರ್ಯಾದೆ ಹೋಗುತ್ತದೆ ಅಂತ ಟ್ರಾನ್ಸ್‌ಫಾರ್ಮರ್ ಕಟ್ಟೆಯ ಹಿಂದೆ ಕೂತು ಆಡುತ್ತೇವೆ.

ಮಾರ್ಚ್ 23. ಭಾನುವಾರ

ಗಾನಶ್ರೀ ಡ್ರಾಯಿಂಗ್ ಶೀಟಿನಲ್ಲಿ ಚಾರ್ಟ್ ಮಾಡಿಕೊಟ್ಟಳು. ಎಡಗಡೆ ಹೊಡೆಯುವವನ ಟೈಪ್, ಮೇಲುಗಡೆ ಹೊಡೆಸಿಕೊಳ್ಳುವವನ ಟೈಪ್. ಬೆಂಕಿ, ನೀರು, ಹುಲ್ಲು, ಕರೆಂಟ್, ನೆಲ, ಹಕ್ಕಿ, ಹುಳ, ಮಂಜು. ಹಸಿರು ಚೌಕ ಅಂದರೆ ಪೆಟ್ಟು ಡಬಲ್. ಕೆಂಪು ಅಂದರೆ ಅರ್ಧ. ಕಪ್ಪು ಅಂದರೆ ಸೊನ್ನೆ, ತಾಗುವುದೇ ಇಲ್ಲ.

ಬೆಂಕಿ ಹುಲ್ಲನ್ನು ಸುಡುತ್ತದೆ, ಡಬಲ್. ಹುಲ್ಲು ನೀರನ್ನು ಹೀರುತ್ತದೆ, ಡಬಲ್. ನೀರು ಬೆಂಕಿಯನ್ನು ನಂದಿಸುತ್ತದೆ, ಡಬಲ್. ಇಷ್ಟು ನನಗೂ ಗೊತ್ತಿತ್ತು. ತಲೆ ತಿರುಗಿದ್ದು ಎರಡು ಟೈಪ್ ಇರುವ ಪ್ರಾಣಿಗಳ ಲೆಕ್ಕಕ್ಕೆ. ಎರಡನ್ನೂ ಗುಣಿಸಬೇಕಂತೆ. ಹುಲ್ಲು ಮತ್ತು ಹುಳ ಎರಡೂ ಆಗಿರುವವನಿಗೆ ಬೆಂಕಿ ಬಿದ್ದರೆ ಎರಡೆರಡ್ಲಿ ನಾಲ್ಕು. ಒಂದೇ ಪೆಟ್ಟಿಗೆ ಗೋವಿಂದ.

"ಅಪ್ಪ, ನೀವು ಲೆವೆಲ್ ನೋಡಿ ಹೊಡೆಯುದು. ಅದಕ್ಕೇ ಸೋಲುದು. ಟೈಪ್ ನೋಡಿ" ಅಂದಳು.

ಧರ್ಮಣ್ಣನಿಗೆ ಹೇಳಬೇಡ ಅಂತ ಅವಳಿಂದ ಆಣೆ ತಗೊಂಡೆ. ಚಾರ್ಟ್ ಮಡಚಿ ಟೂಲ್ ಬ್ಯಾಗಿನಲ್ಲಿ ಇಟ್ಟಿದ್ದೇನೆ. ನಗು ಬರುತ್ತದೆ ನನಗೇ.

ಏಪ್ರಿಲ್ 2. ಸಂಜೆ

ಗೆಲ್ಲುವ ಪಂದ್ಯ ಸೋತೆ. ಬರೆದಿಡಲೇಬೇಕು.

ನನ್ನ ತಂಡದ ಹುಲಿ ಅಂದರೆ ಕರೆಂಟ್ ಟೈಪಿನವನು. ಜಂಪರ್ ಅಂತ ಹೆಸರಿಟ್ಟಿದ್ದೇನೆ. ಎದುರಿಗೆ ಧರ್ಮಣ್ಣನ ಒಂದು ನೀರು ಪ್ರಾಣಿ. ನೀರಿಗೆ ಕರೆಂಟ್ ಡಬಲ್. ಬಿಟ್ಟೆ. "ಏನೂ ಆಗಲಿಲ್ಲ" ಅಂತ ಬಂತು. ಮತ್ತೆ ಬಿಟ್ಟೆ. ಏನೂ ಆಗಲಿಲ್ಲ! ನೋಡಿದರೆ ಅದು ಬರೀ ನೀರಲ್ಲ, ನೀರು ಮತ್ತು ನೆಲ. ನೀರಿಗೆ ಎರಡು, ನೆಲಕ್ಕೆ ಸೊನ್ನೆ. ಎರಡನ್ನು ಸೊನ್ನೆಯಿಂದ ಗುಣಿಸಿದರೆ ಸೊನ್ನೆ. ಮನೆ ಕಟ್ಟುವ ಕೆಂಪು ಕಲ್ಲಿನ ಹಾಗೆ ಮುರಕಲ್ಲು ಅಂತ ಹೆಸರಿಟ್ಟಿದ್ದಾರೆ ಅದಕ್ಕೆ. ಅದರ ಒಂದೇ ಮಣ್ಣಿನ ಹೊಡೆತಕ್ಕೆ ನನ್ನ ಜಂಪರ್ ಮಲಗಿದ.

"ಒದ್ದೆ ನೆಲಕ್ಕೆ ಕರೆಂಟ್ ಇನ್ನೂ ಚೆನ್ನಾಗಿ ಹೋಗುದಲ್ವಾ ಧರ್ಮಣ್ಣ? ಇದೆಂತ ಸೊನ್ನೆ?" ಅಂತ ಜಗಳ ತೆಗೆದೆ.

"ಹೋಗುದು ಬೇರೆ, ತಾಗುದು ಬೇರೆ ಮಾರಾಯ. ನೆಲ ನುಂಗಿಬಿಡ್ತದೆ. ನಾವು ರಾಡ್ ಹಾಕುದು ಎಂತಕ್ಕೆ ಮತ್ತೆ?"

ಅದು ಸರಿ. ಫ್ಯೂಸ್ ತೆಗೆದ ಮೇಲೂ ನಾವು ತಂತಿಗಳಿಗೆ ಅರ್ತಿಂಗ್ ರಾಡ್ ಸಿಕ್ಕಿಸಿ ಅದರ ವಯರನ್ನು ನೆಲಕ್ಕೆ ಇಳಿಸುತ್ತೇವೆ. ಎಲ್ಲಿಂದಾದರೂ ಕರೆಂಟ್ ಕದ್ದು ಬಂದರೂ ನೆಲಕ್ಕೆ ಹೋಗಲಿ, ಹತ್ತಿದವನಿಗೆ ಬೇಡ ಅಂತ. ಕೆಳಗೆ ನಿಂತವ ಹಾಕಬೇಕು. ಹತ್ತುವವ ಕೇಳಬೇಕು, ಉತ್ತರ ಬಂದ ಮೇಲೆಯೇ ತಂತಿಯ ಹತ್ತಿರ ಹೋಗಬೇಕು. ಮೊದಲ ದಿನ ಧರ್ಮಣ್ಣ ಕಲಿಸಿದ ಪಾಠ ಇದೇ.

"ಹಾಗಾದರೆ ಹಕ್ಕಿಗೆ ಡಬಲ್ ಎಂತಕ್ಕೆ? ಹಕ್ಕಿ ತಂತಿ ಮೇಲೆ ಆರಾಮ ಕೂರ್ತದಲ್ಲ" ಅಂದೆ.

ಅವರು ಮೊಬೈಲ್ ಮಡಿಲಲ್ಲಿಟ್ಟು, "ಈ ಆಟ ಮಾಡಿದವ ಒಂದು ದಿನವೂ ಕಂಬ ಹತ್ತಿದವನಲ್ಲ" ಅಂದರು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮೇಲೆ ತಂತಿಯಲ್ಲಿ ಎರಡು ಮೈನಾ ಕೂತಿದ್ದವು.

ಏಪ್ರಿಲ್ 11

ಧರ್ಮಣ್ಣ ಬಿಡುವಿದ್ದಾಗ ಮಾತ್ರ ಆಡುತ್ತಾರೆ. ನನ್ನದು ಹಾಗಲ್ಲ, ಹುಚ್ಚು. ಈಗ ಆನ್‌ಲೈನಿನಲ್ಲಿ ಗುರುತಿಲ್ಲದವರ ಜೊತೆ ರ್‍ಯಾಂಕ್ ಪಂದ್ಯ. ಒಂದು ಆಯ್ಕೆಗೆ ನಲವತ್ತೈದು ಸೆಕೆಂಡ್. ದಾಟಿದರೆ ಸೋತ ಲೆಕ್ಕ.

ಈಗ ಆಟ ಗೊತ್ತಾಗುತ್ತಿದೆ. ಬರೀ ಹೊಡೆಯುವುದಲ್ಲ. ಎದುರಿನವ ಎಂತ ಬಿಡುತ್ತಾನೆ ಅಂತ ಮೊದಲೇ ಊಹಿಸಿ, ಅದು ತಾಗದವನನ್ನು ಒಳಗಿನಿಂದ ತಂದು ಎದುರು ನಿಲ್ಲಿಸಬೇಕು. ಕರೆಂಟ್ ಬರುತ್ತದೆ ಅನಿಸಿದರೆ ನೆಲದವನನ್ನು. ನಿಜವಾದ ಆಟ ಇರುವುದು ಆ ಬದಲಾವಣೆಯಲ್ಲಿ.

ಇವತ್ತು ಇಚಿಲಂಪಾಡಿಯಲ್ಲಿ ರೇಂಜ್ ಸಿಗುವ ಒಂದು ಜಾಗ ಸಿಕ್ಕಿತು. ತಿರುವಿನ ಕಂಬದ ಬುಡ. ಅಲ್ಲಿ ಪೂರ್ತಿ ನಾಲ್ಕು ಗೆರೆ. ಧರ್ಮಣ್ಣ ಮೀಟರ್ ನೋಡಿ ಬರುವಷ್ಟರಲ್ಲಿ ಒಂದು ಪಂದ್ಯ ಮುಗಿಸಿದೆ.

"ಕೆಲಸದ ಹೊತ್ತಿಗೆ ಬೇಡ ಮಾರಾಯ" ಅಂದರು. ಬೈಯಲಿಲ್ಲ. ಅವರು ಬೈಯುವವರೇ ಅಲ್ಲ.

ಏಪ್ರಿಲ್ 17

ಧರ್ಮಣ್ಣ ಬಿದ್ದರು.

ಇಚಿಲಂಪಾಡಿ ತಿರುವಿನ ಕಂಬ. ನಿನ್ನೆಯ ಗಾಳಿಗೆ ಗೆಲ್ಲು ಬಿದ್ದು ತಂತಿ ಜಗ್ಗಿತ್ತು. ನಾನು ಫ್ಯೂಸ್ ತೆಗೆದಿದ್ದೆ. ರಾಡ್ ಹಾಕಿದ್ದೆ. ಹತ್ತಿರದ ಮನೆಯ ಜನರೇಟರಿನಿಂದ ಕರೆಂಟ್ ಹಿಂದಕ್ಕೆ ಲೈನಿಗೆ ಬಂದಿದೆ. ರಾಡ್ ಜಾರಿರಬೇಕು. ಹಾಕಿದ್ದೆ. ಅವರು ಬೆಲ್ಟ್ ಕಟ್ಟಲು ಕೈ ಚಾಚಿದಾಗ ತಂತಿ ತಾಗಿತು. ಏಣಿಯಿಂದ ಕೆಳಗೆ.

ಉಸಿರು ಉಂಟು. ಪುತ್ತೂರಿನ ಆಸ್ಪತ್ರೆ.

ಏಪ್ರಿಲ್ 19

ಸೊಂಟದ ಮೂಳೆಗೆ ಆಪರೇಶನ್. ಬಲಗೈ ಅಂಗೈ ಸುಟ್ಟಿದೆ. ನರಕ್ಕೆ ಪೆಟ್ಟು, ಎರಡು ಬೆರಳು ಮಡಚುವುದಿಲ್ಲ. ಮುಂದೆ ಮಡಚಬಹುದು, ಮಡಚದೆಯೂ ಇರಬಹುದು ಅಂದರು ಡಾಕ್ಟರು. ಹಿಡಿತ ಇಲ್ಲದವ ಕಂಬ ಹತ್ತುವುದು ಹೇಗೆ?

ಧರ್ಮಣ್ಣನ ಹೆಂಡತಿ ಭವಿತಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. "ಜಾರಿದರೂ ನೀವು ಹಾಕಿದ ರಾಡ್ ಸ್ವಲ್ಪ ಕರೆಂಟ್ ಎಳೆದದ್ದಕ್ಕೆ ಇವರು ಬದುಕಿದ್ದು ಸುದರ್ಶನಣ್ಣ. ಇಲ್ಲದಿದ್ದರೆ ಇಷ್ಟು ಹೊತ್ತಿಗೆ..." ಅಂತ ಅತ್ತರು. ನಾನೂ ಅತ್ತೆ. ಅವರು ನನ್ನನ್ನು ಸಮಾಧಾನ ಮಾಡಿದರು.

ಮೇ 3

ಹದಿನಾಲ್ಕು ದಿನ ಈ ಪುಸ್ತಕ ಮುಟ್ಟಲಿಲ್ಲ. ಬರೆದರೆ ಹದಿನೇಳನೇ ತಾರೀಕಿನ ಪುಟ ಓದಬೇಕಾಗುತ್ತದೆ. ಇವತ್ತು ಓದಿದೆ. ಯಾರೂ ನೋಡದ ಪುಸ್ತಕದಲ್ಲೂ ಸುಳ್ಳು ಬರೆದಿದ್ದೇನೆ. ಎಂಥ ಜನ್ಮ ನನ್ನದು.

ನಡೆದದ್ದು ಹೀಗೆ.

ಬೆಳಿಗ್ಗೆ ಹತ್ತೂವರೆ. ಫ್ಯೂಸ್ ತೆಗೆದು ಬಂದೆ. ಅದು ನಿಜ. ರಾಡ್ ಬೈಕಿನಲ್ಲೇ ಕಟ್ಟಿತ್ತು. ಧರ್ಮಣ್ಣ ಏಣಿ ಒರಗಿಸುತ್ತಿದ್ದರು. ಕಂಬದ ಬುಡದಲ್ಲಿ ಪೂರ್ತಿ ರೇಂಜ್. ದಾರಿಯಲ್ಲೇ ಶುರು ಮಾಡಿದ್ದ ಪಂದ್ಯ ಕೊನೆಯ ಹಂತದಲ್ಲಿತ್ತು. ನನ್ನಲ್ಲಿ ಒಬ್ಬ, ಆನ್‌ಲೈನಿನ ಎದುರಾಳಿಯಲ್ಲಿ ಒಬ್ಬ. ನಲವತ್ತೈದು ಸೆಕೆಂಡ್ ಓಡುತ್ತಿತ್ತು. ಅವನ ಪ್ರಾಣಿಯ ಟೈಪಿಗೆ ಯಾವುದು ಡಬಲ್ ಅಂತ ನನಗೆ ನೆನಪಾಗಲಿಲ್ಲ. ಚಾರ್ಟ್ ಬಿಚ್ಚಿದೆ. ಹೌದು, ಕಂಬದ ಬುಡದಲ್ಲಿ ನಿಂತು, ಟೂಲ್ ಬ್ಯಾಗಿನಿಂದ ಕೈಗವಸು ತೆಗೆಯಲಿಲ್ಲ, ಮಗಳು ಬಣ್ಣ ಹಾಕಿದ ಚಾರ್ಟ್ ತೆಗೆದೆ.

ಮೇಲಿನಿಂದ ಧರ್ಮಣ್ಣ ಕೇಳಿದರು. "ರಾಡ್ ಹಾಕಿದ್ಯಾ ಸುದರ್ಶನ?"

"ಹಾಕಿದೆ" ಅಂದೆ.

ತಲೆ ಎತ್ತದೆ ಅಂದೆ. ಒಂದು ನಿಮಿಷದಲ್ಲಿ ಹಾಕುತ್ತೇನಲ್ಲ, ಫ್ಯೂಸ್ ಹೇಗೂ ತೆಗೆದಿದೆಯಲ್ಲ ಅಂತ. ಅವರು ಇನ್ನೇನೂ ಕೇಳಲಿಲ್ಲ. ಹದಿಮೂರು ವರ್ಷದಲ್ಲಿ ಒಂದು ಸಲವೂ ನಾನು ಹಾಕದೆ ಹಾಕಿದೆ ಅಂದವನಲ್ಲ. ಆ ನಂಬಿಕೆಯ ಮೇಲೆ ಅವರು ತಂತಿಯಲ್ಲಿ ರಾಡ್ ಉಂಟಾ ಅಂತ ನೋಡದೆ ಹತ್ತಿದ್ದು.

ಇನ್ನೂ ಉಂಟು. ಇದನ್ನು ಬರೆಯದಿದ್ದರೆ ಮೇಲಿನದ್ದೂ ಸುಳ್ಳೇ. ಅವರು ಬಿದ್ದ ಮೇಲೆ ನಾನು ಕೂಗಿದೆ. ತಿರುವಿನ ಆಚೆ ಆಟೊ ಸದ್ದು ಕೇಳಿತು. ಆ ಆಟೊ ಬರುವಷ್ಟರಲ್ಲಿ ನಾನು ಧರ್ಮಣ್ಣನ ಹತ್ತಿರ ಕೂರಲಿಲ್ಲ. ಬೈಕಿಗೆ ಓಡಿ ರಾಡ್ ಬಿಚ್ಚಿದೆ. ವಯರ್ ಎಳೆದು ಕಂಬದ ಬುಡದಲ್ಲಿ ಹರಡಿದೆ. ಜಾರಿ ಬಿದ್ದದ್ದು ಅಂತ ಕಾಣುವ ಹಾಗೆ. ಧರ್ಮಣ್ಣ ಎರಡು ಮಾರು ದೂರದಲ್ಲಿ ನರಳುತ್ತಿದ್ದರು. ಅಷ್ಟು ಬುದ್ಧಿ ಅಷ್ಟು ಬೇಗ ನನಗೆ ಎಲ್ಲಿಂದ ಬಂತು? ರಾಡ್ ಹಾಕುವ ಬುದ್ಧಿ ಬರಲಿಲ್ಲ, ಹಾಕಿದ ಹಾಗೆ ತೋರಿಸುವ ಬುದ್ಧಿ ಬಂತು.

ಮೇ 8. ಮಧ್ಯಾಹ್ನ

ಯಜ್ಞೇಶ್ವರ ಸರ್, ನಮ್ಮ ಸೆಕ್ಷನ್ ಇಂಜಿನಿಯರ್, ಆ ಜನರೇಟರ್ ಮನೆಯ ವಯರಿಂಗ್ ಫೋಟೊ ತೆಗೆದು ತರಲು ನನ್ನನ್ನೇ ಕಳಿಸಿದರು. ಬೇರೆ ಯಾರೂ ಇರಲಿಲ್ಲವಾ ಅಂತ ಕೇಳಲು ಬಾಯಿ ಬರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ ಆದೀತು.

ಆ ಮನೆಯವರು ಮೈಮೂನಮ್ಮ ಅಂತ. ಅರುವತ್ತೈದು ಆಗಿರಬಹುದು. ಜನರೇಟರಿನ ಕರೆಂಟ್ ಹೊರಗಿನ ಲೈನಿಗೆ ಹೋಗದ ಹಾಗೆ ತಡೆಯುವ ಚೇಂಜ್‌ಓವರ್ ಸ್ವಿಚ್ ಇಲ್ಲ. ವಯರಿಂಗ್ ಮಾಡಿದವ ಹಾಕಿಲ್ಲ. ಅದು ಬೇಕು ಅಂತ ಅವರಿಗೆ ಗೊತ್ತೂ ಇಲ್ಲ. ಮಗಳು ಇರ್ಫಾನಾ ಹೆರಿಗೆಗೆ ಬಂದವಳು. ಹನ್ನೆರಡು ದಿನದ ಮಗು ಸೆಕೆಗೆ ಅಳುತ್ತಿತ್ತು ಅಂತ ಆ ದಿನ ಫ್ಯಾನಿಗಾಗಿ ಜನರೇಟರ್ ಹಾಕಿದ್ದು.

ಈಗ ಅದಕ್ಕೆ ಗೋಣಿ ಹೊದೆಸಿ ಇಟ್ಟಿದ್ದಾರೆ. ಕರೆಂಟ್ ಹೋದರೆ ಮಗುವಿಗೆ ಬೀಸಣಿಗೆ. ಊರಿನವರು ಏನೇನೋ ಹೇಳುತ್ತಿದ್ದಾರಂತೆ. ಪೊಲೀಸರು ಎರಡು ಸಲ ಬಂದು ಹೋಗಿದ್ದಾರೆ. ಬಿದ್ದವರಿಗೆ ಆಳಿಗೊಂದು ಕಲ್ಲು.

"ಮೋನೇ, ನಾನು ಒಬ್ಬ ಮನುಷ್ಯನನ್ನು ಕೊಲ್ಲುದರಲ್ಲಿದ್ದೆ ಅಲ್ವಾ" ಅಂದರು. "ಅವರ ಮನೆಗೆ ಹೋಗಿ ಕಾಲು ಹಿಡೀಬೇಕು ಅಂತ ಉಂಟು. ಹೋದರೆ ಓಡಿಸ್ತಾರಾ?"

"ಇಲ್ಲಮ್ಮ, ಅವರು ಅಂಥವರಲ್ಲ" ಅಂದೆ. ಅಷ್ಟೇ ಅಂದೆ. ಆರು ಫೋಟೊ ತೆಗೆದೆ.

ಬರುವ ದಾರಿಯಲ್ಲಿ ಬೈಕ್ ನಿಲ್ಲಿಸಿ ಕೂತೆ. ಆಟದಲ್ಲಿ ಪೆಟ್ಟು ಬರುವಾಗ ತಾಗದವನನ್ನು ಮುಂದೆ ತರುತ್ತೇವೆ. ನಾನು ಮೈಮೂನಮ್ಮನನ್ನು ತಂದು ನಿಲ್ಲಿಸಿದ್ದೇನೆ. ಅವರು ಮುರಕಲ್ಲು ಅಲ್ಲ. ಪೂರ್ತಿ ತಾಗುತ್ತಿದೆ ಅವರಿಗೆ.

ಮೇ 12

ಪೆರಾಬೆಗೆ ಹೋದೆ. ಧರ್ಮಣ್ಣ ಮನೆಗೆ ಬಂದಿದ್ದಾರೆ. ಜಗಲಿಯಲ್ಲಿ ಮಂಚ. ಬಲಗೈಯಲ್ಲಿ ರಬ್ಬರ್ ಚೆಂಡು ಹಿಡಿದು ಒತ್ತುವ ವ್ಯಾಯಾಮ. ಎರಡು ಬೆರಳು ಹೊರಗೇ ನಿಂತಿವೆ.

"ಬಾ ಮಾರಾಯ. ಒಂದು ಆಟ ಹಾಕುವ. ಎಡಗೈಯಲ್ಲೇ ನಿನಗೆ ಸಾಕು ನಾನು."

ಆಡಿದೆವು. ಏನು ಮಾಡಲಿ? ಆ ಆಪ್ ತೆರೆದರೆ ಇಚಿಲಂಪಾಡಿಯ ಕಂಬವೇ ಕಾಣುತ್ತದೆ ಅಂತ ಅವರಿಗೆ ಹೇಳುವುದು ಹೇಗೆ? ಬೇಕೆಂದೇ ಸೋಲಲು ನೋಡಿದೆ. ಅವರ ಬೆಂಕಿಗೆ ನನ್ನ ಹುಲ್ಲು. ಅವರ ನೆಲಕ್ಕೆ ನನ್ನ ಕರೆಂಟ್. ಎರಡನೇ ಆಟಕ್ಕೇ ಹಿಡಿದರು.

"ಬಿಟ್ಟುಕೊಡುದು ಬೇಡ. ನನಗೆ ಕೈ ಹೋದದ್ದು, ತಲೆ ಅಲ್ಲ."

ಆಮೇಲೆ ಮೊಬೈಲ್ ಕೆಳಗಿಟ್ಟು ಹೇಳಿದರು: "ಒಂದು ವಿಷಯ ನನಗೆ ಅರ್ಥ ಆಗುದಿಲ್ಲ. ರಾಡ್ ಹೇಗೆ ಜಾರಿತು? ನೀನು ಹಾಕಿದ ರಾಡ್ ಇದುವರೆಗೆ ಜಾರಿದ್ದಿಲ್ಲ. ಏಣಿ ಒರಗಿಸುವಾಗ ನನ್ನ ಕೈಯೇ ತಾಗಿತಾ ಅಂತ. ಎಷ್ಟು ಯೋಚಿಸಿದರೂ ನೆನಪಾಗುದಿಲ್ಲ."

ತಪ್ಪು ತನ್ನದಾ ಅಂತ ಹುಡುಕುತ್ತಿದ್ದಾರೆ. ಮಂಚದಲ್ಲಿ ಮಲಗಿ, ಇಪ್ಪತ್ತೈದು ದಿನದಿಂದ, ತನ್ನ ತಪ್ಪು ಹುಡುಕುತ್ತಿದ್ದಾರೆ.

ಹೇಳಲು ಬಾಯಿ ತೆರೆದೆ. ಭವಿತಕ್ಕ ಹಲಸಿನ ಗಟ್ಟಿ ತಂದಿಟ್ಟರು. ತಿಂದೆ. ಹೊಗಳಿದೆ ಕೂಡ.

ಮೇ 19

ವಿಚಾರಣೆ ಇಪ್ಪತ್ತಾರಕ್ಕೆ. ಮಂಗಳೂರಿನಿಂದ ಅಧಿಕಾರಿ ಬರುತ್ತಾರೆ. ಯಜ್ಞೇಶ್ವರ ಸರ್ ಕರೆದು ಕೂರಿಸಿದರು.

"ಸುದರ್ಶನ, ಕಣ್ಣಾರೆ ಕಂಡವ ನೀನು ಒಬ್ಬನೇ. ರಾಡ್ ಹಾಕಿದ್ದೆ ಅಂತ ನೀನು ಬರೆದು ಕೊಟ್ಟರೆ ನಮ್ಮ ಕಡೆಯಿಂದ ತಪ್ಪಿಲ್ಲ. ಆ ಹೆಂಗಸಿನ ಮೇಲೆ ಕೇಸ್ ನಿಲ್ತದೆ. ಹಾಕಿರಲಿಲ್ಲ ಅಂತಾದರೆ ಕೆಳಗೆ ನಿಂತವನ ಕೆಲಸ ಹೋಗ್ತದೆ. ಮತ್ತೆ ಕೇಸ್. ನಿನ್ನ ಬಗ್ಗೆ ನನಗೆ ಆ ಹೆದರಿಕೆ ಇಲ್ಲ."

ಒಳ್ಳೆಯ ಮನುಷ್ಯ. ಧೈರ್ಯ ಹೇಳಲು ಹೇಳಿದ್ದು. ಒಂದೊಂದು ಮಾತೂ ಚುಚ್ಚಿತು.

ಮನೆಯಲ್ಲಿ ಗಾನಶ್ರೀ ಕೇಳಿದಳು, "ಅಪ್ಪ, ಚಾರ್ಟ್ ಎಲ್ಲಿ? ನನಗೆ ಹೊಸ ಟೈಪ್ ಸೇರಿಸ್ಲಿಕ್ಕೆ ಉಂಟು." ಕಳೆದುಹೋಯಿತು ಅಂದೆ. ಹರಿದು ಒಲೆಗೆ ಹಾಕಿದ್ದು ಹದಿನೇಳರ ಸಂಜೆಯೇ. ಅವಳು ಮುಖ ಸಣ್ಣ ಮಾಡಿದಳು. ಒಂದು ಸುಳ್ಳಿಗೆ ಇನ್ನೊಂದು ಕಾವಲು, ಅದಕ್ಕೆ ಮತ್ತೊಂದು. ಈಗ ಮಗುವಿನ ಹತ್ತಿರವೂ ಬಂತು.

ಕೆಲಸ ಹೋದರೆ ಏನು ಮಾಡುವುದು? ನನಗೆ ಬೇರೆ ಏನು ಬರುತ್ತದೆ? ಹೆದರಿಕೆ ಆಗುತ್ತದೆ. ಸುಳ್ಳು ಹೇಳುವುದಿಲ್ಲ, ಇಲ್ಲಿಯಾದರೂ. ತುಂಬಾ ಹೆದರಿಕೆ ಆಗುತ್ತದೆ.

ಮೇ 22

ಮೈಮೂನಮ್ಮ ಪೆರಾಬೆಗೆ ಹೋಗಿದ್ದರಂತೆ. ಭವಿತಕ್ಕ ಫೋನ್ ಮಾಡಿ ಹೇಳಿದರು. ಅಂಗಳದಲ್ಲೇ ನಿಂತು ಅತ್ತರಂತೆ. ಧರ್ಮಣ್ಣ ಜಗಲಿಗೆ ಕರೆದು ಕೂರಿಸಿ ನೀರು ಬೆಲ್ಲ ಕೊಡಿಸಿದರಂತೆ. "ನಿಮ್ಮದು ಗೊತ್ತಿಲ್ಲದೆ ಆದದ್ದು, ನನ್ನ ಜೊತೆಗಾರ ಮಾಡುದೆಲ್ಲ ಮಾಡಿದ್ದಾನೆ, ದೇವರು ಉಳಿಸಿದ" ಅಂದರಂತೆ.

ಮಾಡುದೆಲ್ಲ ಮಾಡಿದ್ದಾನೆ.

ಸಾಕು. ಇಪ್ಪತ್ತಾರಕ್ಕೆ ಹೇಳುತ್ತೇನೆ. ಅದಕ್ಕಿಂತ ಮೊದಲು ಧರ್ಮಣ್ಣನಿಗೆ. ಅಧಿಕಾರಿಯ ಬಾಯಿಂದ ಅವರಿಗೆ ಗೊತ್ತಾಗಬಾರದು.

ಮೇ 25. ಭಾನುವಾರ, ಸಂಜೆ 5

ಹೇಳಿದೆ.

ಹನ್ನೊಂದಕ್ಕೆ ಹೋದೆ. ಧರ್ಮಣ್ಣ ಗೋಡೆಗೆ ಒರಗಿ ಕೂತಿದ್ದರು. ಚೆಂಡು ಪಕ್ಕದಲ್ಲಿ. ಕೂತು ಹೇಳಬೇಕು ಅಂದುಕೊಂಡಿದ್ದೆ, ಕೂರಲು ಆಗಲಿಲ್ಲ. ನಿಂತೇ ಹೇಳಿದೆ. ರಾಡ್ ಹಾಕಿರಲಿಲ್ಲ. ನೀವು ಕೇಳುವಾಗ ಮೊಬೈಲಿನಲ್ಲಿ ಪಂದ್ಯ ಇತ್ತು. ಹಾಕಿದೆ ಅಂತ ಸುಳ್ಳು ಹೇಳಿದೆ. ನೀವು ಬಿದ್ದ ಮೇಲೆ ರಾಡ್ ತಂದು ಹರಡಿದೆ. ನಾಳೆ ವಿಚಾರಣೆಯಲ್ಲಿ ಇದನ್ನೇ ಹೇಳುತ್ತೇನೆ. ರಾಡಿಗೆ ನಿಮ್ಮ ಕೈ ತಾಗಿದ್ದಲ್ಲ. ನಿಮ್ಮ ತಪ್ಪು ಒಂದು ಕೂದಲಿನಷ್ಟೂ ಇಲ್ಲ. ಅಷ್ಟು.

ಬೈದರೆ, ಹೊಡೆದರೆ, ಕಾಲು ಹಿಡಿಯುತ್ತೇನೆ ಅಂತ ತಯಾರಾಗಿ ಹೋಗಿದ್ದೆ. ಅವರು ಬೈಯಲಿಲ್ಲ. ನನ್ನ ಮುಖವನ್ನೇ ನೋಡಿದರು. ಹೊಸಬನನ್ನು ನೋಡುವ ಹಾಗೆ ನೋಡಿದರು. ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು.

"ಆ ಪಂದ್ಯ ಗೆದ್ದಿಯಾ?"

ಇಷ್ಟು ದಿನ ಈ ಪುಸ್ತಕದಲ್ಲೂ ನಾನು ಬರೆಯದೆ ಬಿಟ್ಟದ್ದು ಅದೊಂದೇ. ಅವರು ಏಣಿಯಲ್ಲಿ ಕೊನೆಯ ಮೆಟ್ಟಿಲು ಹತ್ತುವಾಗ ನಾನು ಕೊನೆಯ ಆಯ್ಕೆ ಒತ್ತಿ ಆಗಿತ್ತು. ಆಸ್ಪತ್ರೆಯಲ್ಲಿ ಭವಿತಕ್ಕನಿಗೆ ಫೋನ್ ಮಾಡಲು ಮೊಬೈಲ್ ತೆಗೆದಾಗ ಪರದೆಯ ತುಂಬ ಬಣ್ಣ ಸಿಡಿಯುತ್ತಿತ್ತು.

"ಗೆದ್ದೆ" ಅಂದೆ.

ತಲೆ ಆಡಿಸಿದರು. ಸರಿ ಅನ್ನುವ ಹಾಗೆ.

ಆಗ ಭವಿತಕ್ಕ ಒಳಗಿನಿಂದ ಚಹಾ ತಂದರು. ಅವರು ಏನೂ ಕೇಳಿಸಿಕೊಂಡಿರಲಿಲ್ಲ. ತಟ್ಟೆಯಲ್ಲಿ ಎರಡು ಗ್ಲಾಸ್. ಧರ್ಮಣ್ಣ ಒಂದನ್ನು ಎಡಗೈಯಲ್ಲಿ ತಗೊಂಡರು. ನಾನು ಕೈ ಚಾಚಿದೆ.

"ಅವನಿಗೆ ಬೇಡ" ಅಂದರು ಧರ್ಮಣ್ಣ.

ಹದಿಮೂರು ವರ್ಷದಲ್ಲಿ ಆ ಮನೆಯಿಂದ ಬಾಯಿಗೆ ಏನೂ ಹಾಕದೆ ಬಂದದ್ದು ಇವತ್ತು ಮೊದಲು. ಭವಿತಕ್ಕ ಗ್ಲಾಸ್ ಹಿಡಿದುಕೊಂಡೇ ಒಮ್ಮೆ ಅವರನ್ನು, ಒಮ್ಮೆ ನನ್ನನ್ನು ನೋಡುತ್ತಾ ನಿಂತಿದ್ದರು. ನಾನು ಅಂಗಳ ಇಳಿದೆ.

ಈಗ ಹೇಳಿಕೆ ಬರೆಯಲು ಕೂತಿದ್ದೇನೆ. ನಾಲ್ಕು ಹಾಳೆ ಹರಿದೆ. ಮೊದಲ ಸಾಲಿನಲ್ಲೇ ನಿಲ್ಲುತ್ತದೆ. ಇಲ್ಲಿ ಒಮ್ಮೆ ಬರೆದು ನೋಡುತ್ತೇನೆ, ಆಮೇಲೆ ಅಲ್ಲಿ. ಏಪ್ರಿಲ್ ಹದಿನೇಳರಂದು ಬೆಳಿಗ್ಗೆ ಹತ್ತೂವರೆಗೆ ಇಚಿಲಂಪಾಡಿ ತಿರುವಿನ ಕಂಬದ ಕೆಳಗೆ, ಸುದರ್ಶನ ಎಂಬ ನಾನು, ರಾಡ್ ಹಾಕಿದ್ದೀಯಾ ಎಂದು ಧರ್ಮಪಾಲರು ಕೇಳಿದಾಗ, ಹಾಕದೆಯೇ